ಬ್ಯಾಡ್ಜಣ್ಣ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಎಲ್ಲಿ ಚಪ್ಪರ ಎದ್ದರೂ ಅಲ್ಲಿ ಬ್ಯಾಡ್ಜಣ್ಣ ಹಾಜರು. ಸಮ್ಮೇಳನ, ಬ್ರಹ್ಮಕಲಶ, ಕಂಬಳ, ಯಾವುದೂ ಅಡ್ಡಿಯಿಲ್ಲ. ಊಟಕ್ಕೆ ಬರುವವರು ಅಂದರೆ ಅವರಿಗೆ ಸಿಟ್ಟು ಬರುತ್ತದೆ, ಭಾಷಣಕ್ಕೆ ಬರುವವರು ಅಂದರೆ ನಗು. ಅವರು ಬರುವುದು ಎದೆಗೆ ಚುಚ್ಚುವ ಬ್ಯಾಡ್ಜಿಗೆ: ಸುತ್ತ ನೆರಿಗೆ ಹಿಡಿದ ರಿಬ್ಬನ್ನು, ನಡುವೆ ದೇವರದ್ದೋ ಭುವನೇಶ್ವರಿಯದ್ದೋ ಚಿತ್ರ, ಕೆಳಗೆ ಎರಡು ಬಾಲ, ಬಾಲದ ಮೇಲೆ ಚಿನ್ನದ ಬಣ್ಣದ ಅಕ್ಷರದಲ್ಲಿ ಹುದ್ದೆ.

ಆಮಂತ್ರಣ ಪತ್ರಿಕೆ ಕೈಗೆ ಬಂದರೆ ಮುಹೂರ್ತ ನೋಡುವ ಕ್ರಮ ಅವರಲ್ಲಿಲ್ಲ. ನೇರ ಹಿಂದಿನ ಪುಟಕ್ಕೆ ಹೋಗಿ ಸಮಿತಿಗಳನ್ನು ಎಣಿಸುತ್ತಾರೆ: ಹೊರೆಕಾಣಿಕೆ, ಚಪ್ಪರ, ವೈದಿಕ, ಕುಡಿಯುವ ನೀರು, ಪಾರ್ಕಿಂಗ್. ಸಮಿತಿ ಕಡಿಮೆ ಇದ್ದರೆ, "ಗಮ್ಮತ್ತಿಲ್ಲ ಮಾರಾಯ್ರೇ" ಎಂದು ಪತ್ರಿಕೆ ಮಡಚಿಬಿಡುತ್ತಾರೆ.

'ಮುಖ್ಯ ಅತಿಥಿ' ಬ್ಯಾಡ್ಜು ದೊಡ್ಡದು ಎಂದು ನಾವು ನೀವು ತಿಳಿದಿದ್ದೇವೆ. ಬ್ಯಾಡ್ಜಣ್ಣನ ಪೇಟೆಯಲ್ಲಿ ಅದಕ್ಕೆ ಕ್ರಯವಿಲ್ಲ. ಅತಿಥಿಗಳು ಕಾರು ಹತ್ತುವ ಮೊದಲೇ ಅದನ್ನು ಕಿತ್ತು ಕುರ್ಚಿಯಲ್ಲಿ ಬಿಟ್ಟು ಹೋಗುತ್ತಾರೆ; ಶಾಮಿಯಾನ ಬಿಚ್ಚುವ ಹುಡುಗರ ಬಳಿ ಬೇಕಾದಷ್ಟು ಸಿಗುತ್ತದೆ. 'ಸ್ವಾಗತ ಸಮಿತಿ' ಇನ್ನೂ ಕಡೆ. ಊರಿಗೆ ಊರೇ ಸ್ವಾಗತ ಸಮಿತಿಯಲ್ಲಿರುವಾಗ ಸ್ವಾಗತ ಮಾಡಿಸಿಕೊಳ್ಳಲು ನಾಲ್ಕು ಜನ ಉಳಿದರೆ ಪುಣ್ಯ. ನಿಜವಾದ ಬೆಲೆ 'ಪಾಕಶಾಲೆ'ಗೆ. ಅಡುಗೆ ಚಪ್ಪರದ ಹಿಂಬಾಗಿಲು ತೆರೆಯುವುದು ಅದೊಂದಕ್ಕೇ. ಅಲ್ಲದೆ ಬೆವರಿಗೂ ಸಾರಿಗೂ ನೆನೆದು ಅಕ್ಷರ ಅಳಿಸಿಹೋಗುವುದರಿಂದ, ಓದಲು ಬರುವಂಥದ್ದು ಸಿಗುವುದು ಅಪರೂಪ. ಒಂದು ಪಾಕಶಾಲೆಗೆ ಮೂರು ಅತಿಥಿ, ಮೇಲೊಂದು ಪಾರ್ಕಿಂಗ್. ಇದು ನಡೆಯುವ ದರ.

ವೇಣೂರಿನ ಬಾಹುಬಲಿಯ ಮಹಾಮಸ್ತಕಾಭಿಷೇಕದ ಸರಕು 12 ವರ್ಷಕ್ಕೊಮ್ಮೆ ಮಾತ್ರ ಬರುವುದು. ಬ್ಯಾಡ್ಜಣ್ಣನಲ್ಲಿ 2012ರದ್ದು ಉಂಟು, 2024ರದ್ದು ಉಂಟು. 2000ದ್ದು ಇರುವುದು ಉಜಿರೆಯ ಎದುರಾಳಿಯ ಕಪಾಟಿನಲ್ಲಿ.

"ಕೊಡ್ತೀರಾ?"

"ಕೊಡ್ಲಿಕ್ಕಿಲ್ಲ."

"ಹಾಗಲ್ಲ, ಪಿನ್ನು ಸರಿ ಉಂಟಾ ಅಂತ ಕೇಳಿದ್ದು."

"ತುಕ್ಕು ಹಿಡಿದಿದೆ."

"ತುಕ್ಕು ಅದರದ್ದೇಯಾ?"

ಸಾಹಿತ್ಯ ಗೊತ್ತಿಲ್ಲ ಎಂದು ಅವರನ್ನು ಹೀಗಳೆಯುವ ಹಾಗಿಲ್ಲ. 1979ರ ಧರ್ಮಸ್ಥಳ ಸಮ್ಮೇಳನಕ್ಕೆ ಗೋಪಾಲಕೃಷ್ಣ ಅಡಿಗರು, 2003ರ ಮೂಡುಬಿದಿರೆಯದಕ್ಕೆ ಕಮಲಾ ಹಂಪನಾ ಅಧ್ಯಕ್ಷರು ಎಂದು ಥಟ್ಟನೆ ಹೇಳುತ್ತಾರೆ. ಅಡಿಗರು ಏನು ಮಾತಾಡಿದರು ಎಂದು ಕೇಳಿದರೆ ಮಾತ್ರ, "ಆಗಿನ ಪಿನ್ನು ಗಟ್ಟಿ" ಎನ್ನುತ್ತಾರೆ. 2004ರಲ್ಲಿ ಆಳ್ವಾಸ್ ನುಡಿಸಿರಿ ಸಮ್ಮೇಳನ ಶುರುವಾದ ಮೇಲೆ ಅವರಿಗೆ ವರ್ಷವರ್ಷವೂ ಸುಗ್ಗಿ. 2018ರ ನಂತರ ಅದೂ ನಿಂತಿತು, ಅಡಕೆಗೆ ಕೊಳೆರೋಗ ಬಿದ್ದ ಹಾಗೆ. ಅಷ್ಟರಲ್ಲಿ ರಿಬ್ಬನ್ನಿನ ಜಾಗಕ್ಕೆ ಕೊರಳಿಗೆ ನೇತುಹಾಕುವ ಪ್ಲಾಸ್ಟಿಕ್ ಕಾರ್ಡು ಬರತೊಡಗಿತ್ತು. ಕಾರ್ಡನ್ನು ಅವರು ಕೈಯಲ್ಲೂ ಮುಟ್ಟುವುದಿಲ್ಲ.

"ಧರ್ಮಸ್ಥಳದ ಮಂಜೂಷಾ ಮ್ಯೂಸಿಯಮ್ಮಿಗಾದ್ರೂ ಕೊಟ್ಟುಬಿಡಿ, ನನ್ನ ಸೀರೆ ಇಡ್ಲಿಕ್ಕೆ ಜಾಗ ಆಗ್ತದೆ" ಎಂದು ಹೆಂಡತಿ ಹೇಳಿ ನೋಡಿದರು. ಬ್ಯಾಡ್ಜಣ್ಣ ಗಂಭೀರವಾಗಿ ಯೋಚಿಸಿ ಕೇಳಿದ್ದು: "ಬದಲಿಗೆ ಕೊಡ್ಲಿಕ್ಕೆ ಅವರ ಹತ್ರ ಎಂಥ ಉಂಟು?"

2022ರ ಡಿಸೆಂಬರ್ 21ರಿಂದ 27ರವರೆಗೆ ಮೂಡುಬಿದಿರೆಯ ವಿದ್ಯಾಗಿರಿಯಲ್ಲಿ ಸ್ಕೌಟ್ಸ್ ಗೈಡ್ಸ್‌ನವರ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆಯಿತು. ಜಾಂಬೂರಿಗಳಲ್ಲಿ ಬ್ಯಾಡ್ಜು, ಸ್ಕಾರ್ಫು ಅದಲುಬದಲು ಮಾಡಿಕೊಳ್ಳುವುದು ಲೋಕದಲ್ಲೆಲ್ಲ ನಡೆದುಬಂದ ಪದ್ಧತಿ. ಸಾವಿರ ಸಾವಿರ ಮಕ್ಕಳು, ಒಬ್ಬೊಬ್ಬರ ಮೈಮೇಲೂ ಬ್ಯಾಡ್ಜು! ಬ್ಯಾಡ್ಜಣ್ಣ ಡಬ್ಬಿ ಹಿಡಿದು ಹೊರಟರು. ಮಕ್ಕಳು, ಪಾಪ, ದರ ಗೊತ್ತಿರಲಿಕ್ಕಿಲ್ಲ ಎಂದು ಅವರ ಅಂದಾಜು.

ಧಾರವಾಡದ ಕಡೆಯ ಹುಡುಗನೊಬ್ಬ 'ಮುಖ್ಯ ಅತಿಥಿ'ಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಕಾಕಾ, ಇದು ಹೊಲದದ್ದಲ್ರೀ, ಅಂಟಿಸಿದ್ದದ. ಒಂದಕ್ಕ ಒಂದು ಅಂದ್ರ ನನಗ ಲುಕ್ಸಾನು."

ಎರಡು ಅತಿಥಿ ಎಂದರು. ಮೇಲೆ ಸ್ವಾಗತ ಸಮಿತಿ ಎಂದರು. ಹುಡುಗ ಡಬ್ಬಿಯೊಳಗೆ ಕೈಹಾಕಿ, ತಳದಿಂದ ಯಾವುದೋ ಬ್ರಹ್ಮಕಲಶದ 'ಪಾಕಶಾಲೆ'ಯನ್ನು ಎತ್ತಿಕೊಂಡ. "ಇದಾದ್ರ ಆಗ್ತದ." ಬೇರೆ ದಾರಿಯಿರಲಿಲ್ಲ. ಬ್ಯಾಡ್ಜಣ್ಣ ಹೊಲಿದ ಬ್ಯಾಡ್ಜೊಂದನ್ನು ಜೇಬಿಗಿಳಿಸಿ ಊಟದ ಸಾಲಿಗೆ ನಿಂತರು. ಸಾಲು ಉದ್ದವಿತ್ತು. ಅರ್ಧ ದಾರಿ ಸರಿಯುವಷ್ಟರಲ್ಲಿ ಅಡುಗೆ ಚಪ್ಪರದ ಹಿಂಬಾಗಿಲಿನಿಂದ ಆ ಹುಡುಗ ಹೊರಗೆ ಬಂದ. ಎದೆಯಲ್ಲಿ ಪಾಕಶಾಲೆ, ಕೈಯಲ್ಲಿ ಎರಡು ಹೋಳಿಗೆ. "ಕಾಕಾ, ಇಂಥಾವು ಇನ್ನೂ ಎಷ್ಟ ಅದಾವ್ರೀ?"