ಮೊಸರಿಲ್ಲದ ಮೆನು

ಹುಟ್ಟಾ ಸಸ್ಯಾಹಾರಿಗಳಿಗೆ ವೀಗನ್ ಊಟ ನೀರು ಕುಡಿದಷ್ಟು ಸಲೀಸು ಎಂದು ಯಾರಾದರೂ ನಂಬಿದ್ದರೆ, ಅವರು ನಮ್ಮ ಯಜಮಾನರನ್ನು ಒಮ್ಮೆ ಯೂರೋಪಿಗೆ ಕರೆದುಕೊಂಡು ಹೋಗಬೇಕು. ಪಕ್ಕದ ಮನೆಯಲ್ಲಿ ಆಮ್ಲೆಟ್ ಹಾಕಿದರೆ ನಮ್ಮ ಮನೆಯ ಕಿಟಕಿ ಮುಚ್ಚುವವರು ಇವರು. ಆದರೆ ಬೆಳಿಗ್ಗೆ ಗಟ್ಟಿ ಹಾಲಿನ ಕಾಫಿ, ಮಧ್ಯಾಹ್ನ ಬಿಸಿ ಅನ್ನಕ್ಕೆ ತುಪ್ಪ, ಊಟದ ಕೊನೆಗೆ ಕೆನೆಮೊಸರು, ಮಲಗುವಾಗ ಒಂದು ಲೋಟ ಹಾಲು. ಲೆಕ್ಕ ಹಿಡಿದರೆ, ಮೈಸೂರಿನಲ್ಲಿ ನಮ್ಮ ತರಕಾರಿಯವನಿಗಿಂತ ನಂದಿನಿ ಬೂತಿನವನಿಗೇ ಇವರ ಪರಿಚಯ ಹೆಚ್ಚು.

ವೀಗನ್ನರು ಇಂಥವರನ್ನು ಎಂದೋ ಗುರುತಿಸಿದ್ದಾರೆ. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು, ಹಾಲು ಬೆಣ್ಣೆ ಬಿಡಲೊಲ್ಲದ ಸಸ್ಯಾಹಾರಿಗಳಿಂದ ಬೇರೆಯಾಗಿ ವೀಗನ್ ಸೊಸೈಟಿ ಕಟ್ಟಿದರು. ಬರ್ಲಿನ್ನಿನಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳು ಈ ಕಥೆ ಹೇಳಿದಾಗ ಇವರು, “ಅಂದರೆ ನಾನು ಹುಟ್ಟೋಕೆ ಮುಂಚೇನೇ ನನ್ನ ಪಂಕ್ತಿಯಿಂದ ಎಬ್ಬಿಸಿಬಿಟ್ಟಿದ್ದಾರೆ” ಎಂದು ನೊಂದುಕೊಂಡರು.

ಹುಡುಗಿ ಅಲ್ಲಿಗೆ ಹೋದ ಮೇಲೆ ವೀಗನ್ ಆಗಿದ್ದಾಳೆ. “ದೊಡ್ಡಮ್ಮ, ನೀವು ಸುಮ್ಮನೆ ಬನ್ನಿ. ಮೊಟ್ಟೆ ಇದೆಯಾ, ಮೀನೆಣ್ಣೆ ಇದೆಯಾ ಅಂತ ಇಲ್ಲಿ ಯಾರನ್ನೂ ಕೇಳೋ ಹಾಗಿಲ್ಲ. ವೀಗನ್ ಹೋಟೆಲಿಗೆ ನುಗ್ಗಿದರೆ ಮುಗೀತು” ಎಂದು ಧೈರ್ಯ ತುಂಬಿದಳು. ಹೋದೆವು.

ದಾರಿಯಲ್ಲಿ ಜೂರಿಕ್‌ನಲ್ಲಿ ಇಳಿದಿದ್ದಕ್ಕೆ ಕಾರಣ ಹಿಲ್ಟ್ಲ್. 1898ರಿಂದ ನಡೆಯುತ್ತಿರುವ ಈ ಸಸ್ಯಾಹಾರಿ ಹೋಟೆಲು ಜಗತ್ತಿನಲ್ಲೇ ಹಳೆಯದೆಂದು ಗಿನ್ನೆಸ್ ದಾಖಲೆಯಲ್ಲಿದೆ. ಕೀಲುನೋವಿನಿಂದ ನರಳುತ್ತಿದ್ದ ಆಂಬ್ರೋಸಿಯಸ್ ಹಿಲ್ಟ್ಲ್ ಎಂಬ ದರ್ಜಿಗೆ ವೈದ್ಯರು ಮಾಂಸ ಬಿಡಲು ಹೇಳಿದರಂತೆ. ಆತ ಈ ಹೋಟೆಲಿಗೆ ಊಟಕ್ಕೆ ಬರಲು ಶುರುಮಾಡಿ, ಕೊನೆಗೆ ಹೋಟೆಲನ್ನೇ ವಹಿಸಿಕೊಂಡ. ಆ ಮನೆತನದ ಮಾರ್ಗ್ರಿತ್ 1950ರ ದಶಕದಲ್ಲಿ ಭಾರತಕ್ಕೆ ಬಂದು ಹೋದ ಮೇಲೆ ಅಡುಗೆಮನೆಗೆ ನಮ್ಮ ಮಸಾಲೆಗಳೂ ಹೊಕ್ಕವು. ಆಗ ಜೂರಿಕ್‌ನಲ್ಲಿ ಕೊತ್ತಂಬರಿ ಬೀಜ ಜೀರಿಗೆ ಹುಡುಕಿಕೊಂಡು ಅಲೆದ ಆಕೆಯನ್ನು ನೆನೆದರೆ ನನಗೆ ಅಕ್ಕರೆ.

ಅಲ್ಲಿನ ಬಫೆಯಲ್ಲಿ ಊಟಕ್ಕೆ ತೂಕದ ಮೇಲೆ ದರ. ತಟ್ಟೆ ತುಂಬಿಕೊಂಡು ತಕ್ಕಡಿಯ ಮೇಲಿಡಬೇಕು. ನಮ್ಮವರು ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು, ಒಂದು ಸುತ್ತು ಹಾಕಿ ಬಂದು ಪಿಸುಗುಟ್ಟಿದರು: “ಬೇಳೆ ಮುಟ್ಟಬೇಡ, ಅದರಲ್ಲಿ ನೀರಿರತ್ತೆ. ಆಲೂಗಡ್ಡೆ ಭಾರ. ಕಲ್ಲಂಗಡಿ ಅಂತೂ ಶುದ್ಧ ಮೋಸ.” ಹಾಗೆ ಹೇಳಿ ತಾವು ಹಪ್ಪಳ, ಲೆಟ್ಯೂಸ್ ಸೊಪ್ಪು, ಮತ್ತೆ ಹಪ್ಪಳ ಪೇರಿಸಿಕೊಂಡರು. ಬಿಲ್ಲು ನೋಡಿ ಹಿಗ್ಗಿದರು. ಸಂಜೆ ನಾಲ್ಕಕ್ಕೆ ಹಸಿವೆಂದು ರೈಲ್ವೆ ಸ್ಟೇಷನ್ನಿನಲ್ಲಿ ಅದರ ಎರಡರಷ್ಟು ಕೊಟ್ಟು ಒಣ ಬನ್ನು ತಿಂದರು. ಆ ಲೆಕ್ಕ ಮಾತ್ರ ಡೈರಿಯಲ್ಲಿ ಬರೆದಿಲ್ಲ.

ಬರ್ಲಿನ್ನಿನ ಮಾತೇ ಬೇರೆ. ಪ್ರೆನ್ಸ್‌ಲಾವರ್ ಬೆರ್ಗ್ ಬಡಾವಣೆಯಲ್ಲಿ 2011ರಲ್ಲೇ ವೀಗನ್ಜ್ ಎಂಬ ಪೂರಾ ವೀಗನ್ ಸೂಪರ್‌ಮಾರ್ಕೆಟ್ ತೆರೆದ ಊರದು. ತೆರೆದಾತ ಯಾನ್ ಬ್ರೆಡಾಕ್, ಅದಕ್ಕೆ ಮೊದಲು ಡೈಮ್ಲರ್ ಕಾರು ಕಂಪನಿಯಲ್ಲಿ ಮ್ಯಾನೇಜರ್. ಹುಡುಗಿ ನಮ್ಮನ್ನು ಮೊದಲ ದಿನವೇ ಕರಿವುರ್ಸ್ಟ್ ತಿನ್ನಿಸಲು ಕರೆದೊಯ್ದಳು. 1949ರಲ್ಲಿ ಹೆರ್ಟಾ ಹಾಯ್ವರ್ ಎಂಬಾಕೆ ಹಂದಿಮಾಂಸದ ಸಾಸೇಜಿಗೆ ಟೊಮೆಟೊ ಸಾಸು, ಕರಿ ಪುಡಿ ಹಾಕಿ ಮಾರತೊಡಗಿದ ತಿಂಡಿ ಅದು. ನಮಗೆ ಸಿಕ್ಕಿದ್ದು ಅದರ ವೀಗನ್ ಅವತಾರ. ಅಂಗಡಿಯ ಹುಡುಗ ಕಣ್ಣರಳಿಸಿಕೊಂಡು ಕೇಳಿದ: “ಥೇಟ್ ಹಂದಿಯ ಹಾಗೇ ಇದೆ, ಅಲ್ಲವಾ?”

ಏನು ಹೇಳುವುದು? ಇದೆ ಎಂದರೆ ನಮ್ಮ ಹಿರಿಯರ ಆತ್ಮ ಹೊರಳಾಡೀತು, ಇಲ್ಲ ಎಂದರೆ ಪಾಪ ಆ ಹುಡುಗನ ಮುಖ ಬಾಡೀತು. ಇವರು ಬಾಯಲ್ಲಿದ್ದದ್ದನ್ನು ಅತ್ತ ನುಂಗಲೂ ಆಗದೆ ಇತ್ತ ಉಗುಳಲೂ ಆಗದೆ, “ಬಣ್ಣ ಚೆನ್ನಾಗಿದೆ ಅಂತ ಹೇಳಮ್ಮ” ಎಂದರು.

ಆಮೇಲೆ ಹೋದಲ್ಲೆಲ್ಲ ಇದೇ ಪಾಡು. ಕೋಳಿಯಲ್ಲದ ಕೋಳಿ, ಮೀನಲ್ಲದ ಮೀನು. ಮಾಂಸ ಬಿಟ್ಟು ಬಂದವರ ನಾಲಿಗೆಗೆ ಹಳೆಯ ನಂಟು ನೆನಪಿಸುವುದೇ ಆ ಅಡುಗೆಯ ಜಾಣತನ. ಹುಡುಗಿಯ ಗೆಳೆಯರು ಒಂದೊಂದು ತುತ್ತಿಗೂ ಕಣ್ಣು ಮುಚ್ಚಿ ನಿಟ್ಟುಸಿರಿಡುತ್ತಿದ್ದರು. ನಂಟೇ ಇಲ್ಲದ ನಾವು ನಿಟ್ಟುಸಿರು ಯಾವುದಕ್ಕೆ ಬಿಡೋಣ? ಫ್ರೀಡ್ರಿಕ್ಸ್‌ಹೈನ್‌ನ ಒಂದು ಅಂಗಡಿಯಲ್ಲಿ ಕಂಬಿಗೆ ಚುಚ್ಚಿದ ದೊಡ್ಡ ಮುದ್ದೆಯೊಂದು ಬೆಂಕಿಯೆದುರು ತಿರುಗುತ್ತಿತ್ತು, ತುರ್ಕಿಯವರ ಡೋನರ್ ಕಬಾಬಿನ ಥರ. ಇವರು ರಸ್ತೆಯ ಆಚೆ ಬದಿಯಲ್ಲೇ ನಿಂತುಬಿಟ್ಟರು. “ದೊಡ್ಡಪ್ಪ, ಅದು ಬರೀ ಗೋಧಿ! ಹಿಟ್ಟು ಕಲಸಿ ನೀರಿನಲ್ಲಿ ತೊಳೀತಾ ಹೋದರೆ ಕೊನೆಗೆ ಉಳಿಯೋ ಅಂಟು” ಎಂದಳು ಹುಡುಗಿ. ನಾನು ದಂಗಾದೆ. ಗೋಧಿ ಹಾಲುಬಾಯಿ ಮಾಡುವಾಗ ನೆನೆಸಿ ರುಬ್ಬಿ, ಹಾಲು ಹಿಂಡಿಕೊಂಡು, ನಾವು ಕಲಗಚ್ಚಿಗೆ ಎಸೆಯುವುದೂ ಅದೇ ಅಂಟನ್ನು. ನನ್ನ ಅತ್ತೆಯವರ ಕಾಲದಿಂದ ಎಸೆದದ್ದನ್ನೆಲ್ಲ ಕೂಡಿಟ್ಟಿದ್ದರೆ ಬರ್ಲಿನ್ನಿನಲ್ಲಿ ಒಂದು ಬೀದಿಯನ್ನೇ ಸಾಕಬಹುದಿತ್ತು.

ಬೇಕರಿಗಳಲ್ಲಿ ಮಾತ್ರ ನಮ್ಮವರು ಗೆದ್ದರು. ಮೊಟ್ಟೆಯಿಲ್ಲದ ಬೇಕರಿ ಎಂದರೆ ಬರ್ಲಿನ್ನಿಗರಿಗೆ ಕ್ರಾಂತಿ. ಅಯ್ಯಂಗಾರ್ ಬೇಕರಿಯ ಖಾರಾ ಬನ್ನು, ದಿಲ್‌ಪಸಂದ್ ತಿಂದು ಬೆಳೆದವರಿಗೆ ಅದರಲ್ಲೇನು ಹೊಸತು? ಜರ್ಮನರ ಕಪ್ಪು ರೈ ಬ್ರೆಡ್ಡಿಗಂತೂ ಹಿಟ್ಟು, ನೀರು, ಉಪ್ಪು, ಹುಳಿಬರಿಸಿದ ಹಿಟ್ಟು ಇಷ್ಟೇ ಸಾಕು. ವೀಗನ್ ಎಂಬ ಬೋರ್ಡಿನ ಹಂಗೇ ಅದಕ್ಕಿಲ್ಲ. ಒಂದು ಬೇಕರಿಯಲ್ಲಿ ಬೆಳ್ಳಗೆ ಹಗುರಾಗಿ ಬಾಯಲ್ಲಿ ಕರಗುವ ಮೆರಾಂಗ್ ಕೊಟ್ಟರು. ಮಾಮೂಲಿಯಾಗಿ ಮೊಟ್ಟೆಯ ಬಿಳಿಯನ್ನು ನೊರೆ ಬರುವಂತೆ ಕಡೆದು ಮಾಡುವಂಥದ್ದು. ಇದರಲ್ಲಿದ್ದದ್ದು ಕಾಬೂಲಿ ಕಡಲೆ ಬೇಯಿಸಿದ ನೀರು! 2014ರಲ್ಲಿ ಜೋಯೆಲ್ ರೋಸೆಲ್ ಎಂಬ ಫ್ರೆಂಚ್ ಸಂಗೀತಗಾರ ಇಂಥ ಕಾಳಿನ ನೀರೂ ನೊರೆಯೇಳುತ್ತದೆಂದು ತೋರಿಸಿಕೊಟ್ಟನಂತೆ. “ಕಟ್ಟು!” ಎಂದು ಇವರು ಕೂಗಿದ್ದಕ್ಕೆ ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು. ಹೋಳಿಗೆಯ ದಿನ ಬೇಳೆಯ ಕಟ್ಟು ಬಸಿದು ಸಾರು ಮಾಡುವ ಮನೆಯವರು ನಾವು. ಅದಕ್ಕೆ ಸಕ್ಕರೆ ಹಾಕಿ ಕಡೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಮೊಸರಿನ ಕಥೆ ಬಿಟ್ಟರೆ ಇವರು ನನ್ನನ್ನು ಬಿಡುವುದಿಲ್ಲ. ಸೋಯಾ ಮೊಸರು, ತೆಂಗಿನಕಾಯಿಯ ಮೊಸರು, ಓಟ್ಸ್ ಮೊಸರು ಎಲ್ಲ ಆಯಿತು. ಒಂದರಲ್ಲಿ ವೆನಿಲ್ಲಾ ಇದ್ದದ್ದು ಅನ್ನ ಕಲಸಿ ಒಗ್ಗರಣೆ ಹಾಕಿದ ಮೇಲೆ ತಿಳಿಯಿತು. ಬಾಳಕದ ಮೆಣಸಿನಕಾಯಿ ನಂಚಿಕೊಂಡು ಸುಧಾರಿಸೋಣವೆಂದರೆ ಅದನ್ನು ನೆನೆಸಿದ್ದು ಮಜ್ಜಿಗೆಯಲ್ಲಿ, ಆದ್ದರಿಂದ ಸೂಟ್‌ಕೇಸಿನಿಂದ ಹೊರಗೆ ಬರುವ ಹಾಗಿಲ್ಲ! ಒಂದು ಶುಕ್ರವಾರ ಮೈಬಾಖ್‌ಊಫರ್ ಎಂಬ ಕಾಲುವೆದಂಡೆಯಲ್ಲಿ, ಬ್ರಾಮಿಬಾಲ್ಸ್‌ನ ವೀಗನ್ ಡೋನಟ್ ಕಚ್ಚುತ್ತ ನಿಂತಿದ್ದ ಇವರು ಇದ್ದಕ್ಕಿದ್ದಂತೆ ಕಾಣೆಯಾದರು. ಅದೇ ದಂಡೆಯಲ್ಲಿ ಮಂಗಳವಾರ, ಶುಕ್ರವಾರ ತುರ್ಕಿಯವರ ಸಂತೆ. ಸ್ವಲ್ಪ ಹೊತ್ತಿಗೆ ಜಾಕೆಟ್ಟಿನೊಳಗೆ ಏನನ್ನೋ ಅಪ್ಪಿಕೊಂಡು ಬಂದರು. ಹುಡುಗಿ ಕಾಲುವೆಯ ಬಾತುಕೋಳಿಗಳನ್ನು ಅಷ್ಟು ಗಮನವಿಟ್ಟು ನೋಡಿದ್ದನ್ನು ನಾನು ಅದೇ ಮೊದಲು ಕಂಡದ್ದು. ಅವಳು ಎಷ್ಟಾದರೂ ನಮ್ಮ ಮನೆಯ ಮಗು.

ಹೊರಡುವ ಹಿಂದಿನ ರಾತ್ರಿ ಅವಳ ಗೆಳೆಯರಿಗೆ ನಾನೇ ಅಡುಗೆ ಮಾಡಿದೆ. ತುಪ್ಪದ ಸೋಂಕಿಲ್ಲದ ಕಾಯಿಸಾಸಿವೆ ಚಿತ್ರಾನ್ನ, ಹುರಳಿಕಾಯಿ ಪಲ್ಯ, ಕಟ್ಟಿನ ಸಾರು. ಎತ್ತರದ ಹುಡುಗನೊಬ್ಬ ಸಾರನ್ನು ಬಟ್ಟಲಿಗೆ ಮತ್ತೆ ಮತ್ತೆ ಬಡಿಸಿಕೊಂಡು, ಕಣ್ಣು ಮುಚ್ಚಿ, ತುಂಬ ಹೊತ್ತು ಯೋಚಿಸಿ ಕೇಳಿದ: “ಅದ್ಭುತ! ಇದು ಯಾವ ಮಾಂಸದ ನಕಲು?”

ಹುಡುಗಿ ನನ್ನ ಮುಖ ನೋಡಿದಳು, ನಾನು ಇವರ ಮುಖ ನೋಡಿದೆ. ಇವರು ಸೌಟಿನಿಂದ ಪಾತ್ರೆಯ ತಳ ಕೆರೆಯುತ್ತ, “ಅವನಿಗೆ ಹೇಳಮ್ಮ, ಒಂದು ಲೋಟ ಉಳಿಸಿದರೆ ನಾಳೆ ಇನ್ನೂ ಚೆನ್ನಾಗಿರತ್ತೆ ಅಂತ” ಎಂದರು.