ಬಿಸಿಲ ಸಲಹೆಗಾರ ಸಾಹೇಬರಿಗೊಂದು ಬಿಲ್ಲು

ಬೇಸಿಗೆ ಬಂದಾಗಲೆಲ್ಲ ಸಲಹೆ ಬರೆಯುವ ಮಾನ್ಯ ಸಾಹೇಬರಿಗೆ,

ಕಲಬುರಗಿಯ ಗಂಜಿನ ಹಮಾಲರ ಶರಣು ಶರಣಾರ್ಥಿ. ‘ಮಧ್ಯಾಹ್ನ 12ರಿಂದ 3ರವರೆಗೆ ಹೊರಗೆ ಬರಬೇಡಿ’ ಎಂಬ ತಮ್ಮ ಕರಪತ್ರ ಕೈಸೇರಿತು. ಅದನ್ನೇ ತಲೆಗೆ ಅಡ್ಡ ಹಿಡಿದು ಲಾರಿಗೆ ಕಾಯುತ್ತಿದ್ದೇವೆ. ಮುಂದಿನ ಸಲ ಕಾಗದ ಸ್ವಲ್ಪ ದಪ್ಪಗಿದ್ದರೆ ಅನುಕೂಲ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಒಳ್ಳೆಯ ಏರ್ಪಾಡೇ. ಆದರೆ ಹೊರಗೆ ಬರಬಾರದ ಹೊತ್ತಿನ ನಟ್ಟನಡುವೆ ಗುಮಾಸ್ತರನ್ನೂ ಅರ್ಜಿದಾರರನ್ನೂ ಬೀದಿಗೆ ಬಿಟ್ಟು ಬೀಗ ಹಾಕುವ ಲೆಕ್ಕ ನಮ್ಮಂಥ ದಡ್ಡರಿಗೆ ಹೊಳೆಯಲಿಲ್ಲ. ಕಡತಗಳು ಮಾತ್ರ ನೆರಳಲ್ಲಿ ಉಳಿಯುತ್ತವೆ. ಈವರೆಗೆ ಯಾವ ಕಡತಕ್ಕೂ ಬಿಸಿಲು ಬಡಿದಿಲ್ಲ.

‘ಮನೆಯೊಳಗಿರಿ’ ಎಂದಿದ್ದೀರಿ. ನಮ್ಮದು ತಗಡಿನ ಮನೆ. ಅಲ್ಲಿ ತಣ್ಣಗಿರುವುದು ಒಲೆ ಒಂದೇ. ಫ್ಯಾನಿದೆಯಲ್ಲ ಎನ್ನಬಹುದು. 40 ಡಿಗ್ರಿ ದಾಟಿದರೆ ಫ್ಯಾನು ಮೈಯನ್ನು ಇನ್ನಷ್ಟು ಕಾಯಿಸುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಯಲುಸೀಮೆಯಲ್ಲಿ ಬಿಸಿಗಾಳಿ ಘೋಷಿಸಬೇಕಾದರೆ ಹವಾಮಾನ ಇಲಾಖೆಗೂ ಕನಿಷ್ಠ 40 ಡಿಗ್ರಿಯೇ ಬೇಕು. ಅಂದರೆ ಇಲಾಖೆ ಎಚ್ಚೆತ್ತುಕೊಳ್ಳುವ ಹೊತ್ತಿಗೆ ಫ್ಯಾನು ಕೈಬಿಟ್ಟಿರುತ್ತದೆ.

ತಲೆ ಸುತ್ತಿದರೆ ವೈದ್ಯರನ್ನು ಕಾಣಬೇಕಂತೆ. ಸಾಹೇಬರೇ, ಬಿಸಿಲು ಬಡಿದವನಿಗೆ ಮೊದಲು ಕೈಕೊಡುವುದೇ ಬುದ್ಧಿ. ಮಾತು ತೊದಲುತ್ತದೆ, ಕಾಲು ಸೋಲುತ್ತದೆ. ನೋಡಿದವರು ‘ಹಗಲಲ್ಲೇ ಹಾಕ್ಯಾನ’ ಎಂದು ಮೂಗು ಮುಚ್ಚಿಕೊಂಡು ದಾಟಿಹೋಗುತ್ತಾರೆ. ಅವನನ್ನು ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದು, ಗಾಳಿ ಬೀಸಿ, 108ಕ್ಕೆ ಫೋನು ಮಾಡಬೇಕಾದವರು ಅವರೇ. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಲೂ ಬಾರದು. ಇದನ್ನು ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸಬಹುದಿತ್ತು. ಆ ಜಾಗದಲ್ಲಿ ಮಂತ್ರಿಗಳ ನಗುಮುಖವಿದೆ. ಅದೂ ತಂಪೇ ಅನ್ನಿ.

2010ರ ಮೇ ತಿಂಗಳ ಬಿಸಿಲಲ್ಲಿ ಜನ ಸತ್ತ ಮೇಲೆ ಅಹಮದಾಬಾದಿನವರು 2013ರಲ್ಲಿ ನಗರಕ್ಕೇ ಒಂದು ಬಿಸಿಲ ಕ್ರಿಯಾಯೋಜನೆ ಮಾಡಿದರು. ನಾವು ಅಷ್ಟು ದೂರ ಹೋಗುವವರಲ್ಲ. ನಮ್ಮ ತಕರಾರು ಸಣ್ಣದು: ನಮಗೆ ಕೂಲಿ ಚೀಲದ ಲೆಕ್ಕದಲ್ಲಿ. ಮೂರು ತಾಸು ಕೂತರೆ ಮೂರು ತಾಸಿನ ಚೀಲ ಹೋಯಿತು, ಸಂಜೆಯ ಜೋಳವೂ ಹೋಯಿತು. ತಮ್ಮ ಮಾತು ಮೀರುವ ಧೈರ್ಯ ನಮಗಿಲ್ಲ, ಪಾಲಿಸುವ ದುಡ್ಡೂ ಇಲ್ಲ.

ಆದ್ದರಿಂದ ದಿನಕ್ಕೆ ಮೂರು ತಾಸಿನಂತೆ ಏಪ್ರಿಲ್, ಮೇ ತಿಂಗಳ ಹಮಾಲಿ ಬಿಲ್ಲನ್ನು ಇದರೊಂದಿಗೆ ಲಗತ್ತಿಸಿದ್ದೇವೆ. ಬೆವರಿಗೆ ಇನ್ನೂ ಜಿಎಸ್‌ಟಿ ಬಿದ್ದಿಲ್ಲವೆಂದು ಕೇಳಿ, ಅದನ್ನು ಸೇರಿಸಿಲ್ಲ.

ಇಂತಿ ತಮ್ಮ ವಿಧೇಯ,
ತೊಗರಿ ಚೀಲದ ಕೆಳಗಿನಿಂದ ಒಬ್ಬ ಹಮಾಲ