ಪ್ರೇಮ್ ಅಹುಜಾ ಅವರ ಟವೆಲ್ಲಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಟವೆಲ್ ಅವರಿಗೆ,

ನೌಕಾಪಡೆಯ ಕಮಾಂಡರ್ ನಾನಾವತಿಯವರ ಮೇಲಿನ ಕೊಲೆ ಮೊಕದ್ದಮೆಯ ಕೊನೆಯ ವಾದಗಳು ನೆನಪಾದಾಗಲೆಲ್ಲ ನನಗೆ ತಮ್ಮ ಮೇಲೆಯೇ ಸಿಟ್ಟು. 1959ರ ಏಪ್ರಿಲ್ 27ರಂದು, ಮುಂಬಯಿಯ ಆ ಮಲಗುವ ಕೋಣೆಯಲ್ಲಿ, ಆಗಷ್ಟೇ ಸ್ನಾನ ಮುಗಿಸಿ ಬಂದವರ ಸೊಂಟದ ಮೇಲೆ ತಾವಿದ್ದಿರಿ. ಮೂರು ಗುಂಡು ಹಾರಿದವು. ಯಜಮಾನರು ಸತ್ತು ಬಿದ್ದರು. ತಾವು ಮಾತ್ರ ಕಟ್ಟಿದ್ದು ಕಟ್ಟಿದ ಹಾಗೇ!

ಆರೋಪಿಯ ವಕೀಲ ಕಾರ್ಲ್ ಖಂಡಾಲಾವಾಲಾ ಎಷ್ಟು ಅಚ್ಚುಕಟ್ಟಾಗಿ ವಾದಿಸಿದ್ದರು! ಕಮಾಂಡರ್ ಸಾಹೇಬರು ರಿವಾಲ್ವರ್ ಇದ್ದ ಲಕೋಟೆಯನ್ನು ಪಕ್ಕದಲ್ಲಿಟ್ಟಿದ್ದರಂತೆ, ಅಹುಜಾ ಅದಕ್ಕೆ ಕೈ ಹಾಕಿದರಂತೆ, ಎಳೆದಾಟದಲ್ಲಿ ಗುಂಡು ತಾನಾಗಿ ಹಾರಿತಂತೆ. ಆ ರಿವಾಲ್ವರನ್ನು ಸುಳ್ಳು ಕಾರಣ ಹೇಳಿ ಆರು ಗುಂಡುಗಳ ಸಮೇತ ತಂದದ್ದು ಐಎನ್‌ಎಸ್ ಮೈಸೂರಿನಿಂದ. (ಹಡಗಿಗೆ ನಮ್ಮೂರ ಹೆಸರು. ಬೇಕಿತ್ತೇ ಈ ಕೀರ್ತಿ?)

ಆಗ ಸರ್ಕಾರಿ ವಕೀಲ ತ್ರಿವೇದಿಯವರು ತಮ್ಮನ್ನು ಎಳೆದು ತಂದರು. ಇಬ್ಬರು ಗಂಡಸರು ಕೈಕೈ ಮಿಲಾಯಿಸಿದ್ದರೆ ಟವೆಲ್ ಜಾರದೆ ಉಳಿದೀತೇ ಎಂಬುದು ಅವರ ಪ್ರಶ್ನೆ. ಫೋನ್ ಹೊಡೆದುಕೊಂಡಿತೆಂದು ಬಚ್ಚಲಿನಿಂದ ನಾಲ್ಕು ಹೆಜ್ಜೆ ಓಡುವಾಗಲೂ ಒಂದು ಕೈ ಸೊಂಟದ ಮೇಲೇ ಇರಬೇಕೆಂಬುದು ಈ ದೇಶದ ಗಂಡಸರಿಗೆಲ್ಲ ಗೊತ್ತು. ಒಂಬತ್ತು ಜನ ಜ್ಯೂರಿಗಳಲ್ಲಿ ಒಬ್ಬರಿಗೆ ಮಾತ್ರ ಗೊತ್ತಿದ್ದಂತಿದೆ. ಉಳಿದ ಎಂಟು ಮಂದಿ ಸ್ನಾನವಾದ ಮೇಲೆ ಏನು ಸುತ್ತಿಕೊಳ್ಳುತ್ತಿದ್ದರೋ!

ಅವರದಾದರೂ ಏನು ತಪ್ಪು? ಕಟಕಟೆಯಲ್ಲಿ ಪದಕ ತೊಟ್ಟ ನೌಕಾಪಡೆಯ ಬಿಳಿ ಸಮವಸ್ತ್ರ ನಿಂತಿರುವಾಗ ಮೈ ಒರೆಸುವ ಬಟ್ಟೆಯ ಸಾಕ್ಷ್ಯ ಯಾರಿಗೆ ಬೇಕು? ಹೊರಗೆ ನಾಲ್ಕಾಣೆಯ ‘ಬ್ಲಿಟ್ಜ್’ ಪತ್ರಿಕೆ ಎರಡು ರೂಪಾಯಿಗೆ ಬಿಕರಿಯಾಗುತ್ತಿತ್ತು. ಅದರ ಪಾಲಿಗೆ ತೀರ್ಪು ಎಂದೋ ಆಗಿಹೋಗಿತ್ತು.

ನ್ಯಾಯಾಧೀಶ ಮೆಹ್ತಾ ಮಾತ್ರ ಎಂಟು ಜನರ ‘ನಿರ್ದೋಷಿ’ ಎಂಬ ತೀರ್ಪನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಅಲ್ಲಿ ಜೀವಾವಧಿ ಶಿಕ್ಷೆಯಾಯಿತು. 1961ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದು, ತಾವು ಅಲುಗಾಡದ್ದನ್ನೂ ತೀರ್ಪಿನಲ್ಲಿ ಬರೆಯಿತು. 1964ರಲ್ಲಿ ಕ್ಷಮಾದಾನ. ಅದಾದ ಮೇಲೆ ಕಮಾಂಡರ್ ಸಾಹೇಬರು ಕುಟುಂಬ ಸಮೇತ ಕೆನಡಾ ಸೇರಿದರು.

ನೋಡಿ, ಒಂದೇ ಒಂದು ಗಂಟು ಸಡಿಲಿಸಿದ್ದರೆ ಎಂಟು ಮಹನೀಯರ ಮರ್ಯಾದೆ, ಎರಡು ದೊಡ್ಡ ಕೋರ್ಟುಗಳ ಸಮಯ, ರಾಜ್ಯಪಾಲರ ಒಂದು ಸಹಿ, ಎಲ್ಲವೂ ಉಳಿಯುತ್ತಿತ್ತು. ಆಗ ಮುಂಬಯಿಯ ಬೀದಿಗಳಲ್ಲಿ ‘ಅಹುಜಾ ಟವೆಲ್’ ಎಂದು ಕೂಗಿ ಮಾರುತ್ತಿದ್ದರಲ್ಲ, ತಮ್ಮ ಆ ಬಂಧುಬಳಗಕ್ಕಾದರೂ ಬುದ್ಧಿ ಹೇಳಿ: ಇಂಥ ದೊಡ್ಡ ಮನುಷ್ಯರ ಪ್ರಕರಣಗಳಲ್ಲಿ ಸಮಯ ನೋಡಿ ಜಾರಬೇಕು.

ಇಂತಿ,
ಪಂಚೆಯ ಗಂಟನ್ನು ಆಗಾಗ ಮುಟ್ಟಿ ನೋಡಿಕೊಳ್ಳುವವ